ನೀರಿನ ಪಾಲು, ನೀರಿನ ಪಾಳಿ

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲವನ್ನು ಹಗ್ಗ ಹಿಡಿದು ಅಳೆಯಬಹುದು, ಕಾಳನ್ನು ಕೊಳಗದಲ್ಲಿ ಅಳೆಯಬಹುದು, ಒಡವೆಯನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಹೊಲದ ನಡುವಿನ ಬಾವಿಯನ್ನು ಏನು ಮಾಡುವುದು? ಅದನ್ನು ನಾಲ್ಕು ಭಾಗ ಮಾಡಿದರೆ ನಾಲ್ಕು ಬಾವಿಗಳಾಗುವುದಿಲ್ಲ. ಒಂದು ಬಾವಿಯೂ ಉಳಿಯುವುದಿಲ್ಲ. ಪಾಲುಪಟ್ಟಿಯ ಮುಂದೆ ಕುಳಿತ ಪಂಚರನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಿಸುವ ಪ್ರಶ್ನೆ ಇದೇ. ಕಾಲುವೆಯ ನೀರಿಗೆ ಸರ್ಕಾರ ಕೊಟ್ಟ ಪರವಾನಗಿ ಒಬ್ಬನ ಹೆಸರಿನಲ್ಲಿದ್ದು, ಅದರ ಅನುಭೋಗ ಹಲವರಿಗೆ ಸೇರಿದಾಗ ಈ ತೊಡಕು ಮತ್ತಷ್ಟು ಬಿಗಿಯುತ್ತದೆ. ಭೂಮಿಯನ್ನು ಹಂಚುವ ಚರಿತ್ರೆ ನಮ್ಮಲ್ಲಿ ವಿಪುಲವಾಗಿ ಬರೆಯಲ್ಪಟ್ಟಿದೆ. ಆ ಭೂಮಿಗೆ ಜೀವ ಕೊಡುವ ನೀರನ್ನು ಹಂಚಿಕೊಂಡ ಚರಿತ್ರೆ ಕಾಯಿದೆಯ ಕಲಮುಗಳಲ್ಲಿಯೂ ಹಳ್ಳಿಯ ಕಟ್ಟಳೆಗಳಲ್ಲಿಯೂ ಚದುರಿಹೋಗಿದೆ. ಅದರ ಕೆಲವು ಎಳೆಗಳನ್ನು, ಮುಖ್ಯವಾಗಿ ನಮ್ಮಲ್ಲಿ ಅನೇಕರು ಈಗ ನೆಲೆಸಿರುವ ಮಹಾರಾಷ್ಟ್ರದ ನೆಲದಲ್ಲಿ ಹಾದುಹೋದ ಎಳೆಗಳನ್ನು, ಇಲ್ಲಿ ಒಟ್ಟುಗೂಡಿಸುವ ಪ್ರಯತ್ನ ಮಾಡಿದ್ದೇನೆ.

ಕಲ್ಯಾಣದ ಉತ್ತರ

ಈ ಪ್ರಶ್ನೆಗೆ ಒಂದು ಸ್ಪಷ್ಟ ಉತ್ತರ ಕನ್ನಡ ನೆಲದಿಂದಲೇ ಹೊರಟಿತೆಂಬುದು ಸ್ವಾರಸ್ಯದ ಸಂಗತಿ. ಸುಮಾರು ಒಂಬೈನೂರು ವರ್ಷಗಳ ಹಿಂದೆ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ಪ್ರಕರಣದಲ್ಲಿ ಆತನು ಯಾವ ಯಾವ ವಸ್ತುಗಳು ಪಾಲಿಗೆ ಒಳಪಡುವುದಿಲ್ಲವೆಂದು ವಿಚಾರಿಸುತ್ತಾನೆ. ಮನುಸ್ಮೃತಿಯು ಅವಿಭಾಜ್ಯವೆಂದು ಹೇಳುವ ಪಟ್ಟಿಯಲ್ಲಿ ಉಟ್ಟ ಬಟ್ಟೆ, ವಾಹನ, ಬೇಯಿಸಿದ ಅನ್ನಗಳ ಜೊತೆಗೆ ನೀರೂ ಇದೆ. ನೀರು ಎಂದರೆ ಇಲ್ಲಿ ನೀರಿಗೆ ಆಸರೆಯಾದ ಬಾವಿ ಮೊದಲಾದವು ಎಂದು ವಿಜ್ಞಾನೇಶ್ವರನು ಅರ್ಥ ಮಾಡುತ್ತಾನೆ. ಪಾಲುದಾರರ ಸಂಖ್ಯೆಗೆ ಅವು ಸರಿಹೊಂದದಿದ್ದಾಗ ಬೆಲೆ ಕಟ್ಟಿ ಹಂಚಬಾರದು, ಸರದಿಯ ಮೇಲೆ ಅನುಭವಿಸಬೇಕು ಎಂಬುದು ಆತನ ನಿರ್ಣಯ.

ಈ ನಿರ್ಣಯದಲ್ಲಿ ಎರಡು ಮಾತುಗಳಿವೆ. ಮೊದಲನೆಯದು, ಬೆಲೆ ಕಟ್ಟಬಾರದು ಎಂಬುದು. ಒಬ್ಬನು ಬಾವಿಯನ್ನಿಟ್ಟುಕೊಂಡು ಉಳಿದವರಿಗೆ ಹಣ ಕೊಟ್ಟರೆ ಲೆಕ್ಕ ಸರಿಹೋದಂತೆ ಕಾಣುತ್ತದೆ. ಆದರೆ ಆ ಹಣದಿಂದ ಪಕ್ಕದ ಹೊಲದ ಬೆಳೆ ಹಸಿರಾಗುವುದಿಲ್ಲ. ಎರಡನೆಯದು, ವಸ್ತುವನ್ನು ಹಂಚಲಾಗದಿದ್ದರೆ ಕಾಲವನ್ನು ಹಂಚಬೇಕು ಎಂಬುದು. ನಮ್ಮ ಭಾಷೆಯಲ್ಲಿ ಇವೆರಡಕ್ಕೂ ಅಕ್ಕಪಕ್ಕದ ಪದಗಳಿವೆ: ಪಾಲು ಮತ್ತು ಪಾಳಿ. ಮುಂಬಯಿಯ ಗಿರಣಿಗಳಲ್ಲಿ ದುಡಿದ ಕನ್ನಡಿಗರ ತಲೆಮಾರಿಗೆ ಪಾಳಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಯಂತ್ರ ಒಂದೇ, ಕೈಗಳು ಹಲವು, ಗಡಿಯಾರವೇ ನ್ಯಾಯಾಧೀಶ.

ಸ್ಮೃತಿಕಾರರೆಲ್ಲರೂ ಈ ಮಾತನ್ನು ಒಪ್ಪಿದರೆಂದಲ್ಲ. ಬೃಹಸ್ಪತಿಯ ಹೆಸರಿನಲ್ಲಿ ಉಳಿದಿರುವ ವಚನಗಳು ಅವಿಭಾಜ್ಯದ ಪಟ್ಟಿಯನ್ನೇ ಪ್ರಶ್ನಿಸುತ್ತವೆ. ಬಾವಿಯ ನೀರನ್ನು ಮೇಲೆತ್ತಿ ತಕ್ಕಂತೆ ತೆಗೆದುಕೊಳ್ಳಬಹುದಲ್ಲ ಎಂಬುದು ಅವುಗಳ ಧೋರಣೆ. ಅಂದರೆ ಮೂಲ ಒಂದೇ ಆಗಿದ್ದರೂ ಹೊರತೆಗೆದ ನೀರು ಅಳತೆಗೆ ಸಿಗುತ್ತದೆ. ಮುಂದಿನ ಶತಮಾನಗಳ ವ್ಯವಸ್ಥೆಗಳೆಲ್ಲವೂ ಈ ಎರಡು ನಿಲುವುಗಳ ನಡುವೆ ಓಲಾಡಿವೆ. ಕೆಲವು ಗಂಟೆಯನ್ನು ಹಂಚಿದವು, ಕೆಲವು ಪ್ರಮಾಣವನ್ನು ಹಂಚಿದವು.

ಐವತ್ತು ಬಕೆಟ್ಟಿನ ಕಾಯಿದೆ

ಕೋಲ್‌ಬ್ರೂಕನು 1810ರಲ್ಲಿ ಮಿತಾಕ್ಷರಾದ ದಾಯಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಕಲ್ಯಾಣದ ಪಂಡಿತನ ಮಾತು ಬಂಗಾಳದ ಹೊರಗಿನ ಬಹುಪಾಲು ಭಾರತದ ನ್ಯಾಯಾಲಯಗಳಿಗೆ ಪ್ರಮಾಣವಾಯಿತು. ಆದರೆ ಬ್ರಿಟಿಷ್ ಆಡಳಿತವು ನೀರಿನ ವಿಷಯದಲ್ಲಿ ತನ್ನದೇ ಆದ ಇನ್ನೊಂದು ಚೌಕಟ್ಟನ್ನೂ ತಂದಿತು. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆಯು ಒಬ್ಬನ ನೆಲದ ಪ್ರಯೋಜನಕ್ಕಾಗಿ ಇನ್ನೊಬ್ಬನ ನೆಲದ ಮೇಲೆ ಇರುವ ಹಕ್ಕನ್ನು ವಿವರಿಸುತ್ತದೆ: ದಾರಿಯ ಹಕ್ಕು, ಬೆಳಕಿನ ಹಕ್ಕು, ನೀರು ಸೇದುವ ಹಕ್ಕು. ಮುಂಬಯಿ ಪ್ರಾಂತಕ್ಕೆ ಇದು 1891ರಲ್ಲಿ ವಿಸ್ತರಿಸಿತು.

ಇಂಥ ಹಕ್ಕುಳ್ಳ ಆಸ್ತಿಯು ಪಾಲಾದರೆ ಏನಾಗಬೇಕೆಂದು ಅದರ 30ನೆಯ ಕಲಮು ಹೇಳುತ್ತದೆ. ಹಕ್ಕು ಪ್ರತಿಯೊಂದು ಪಾಲಿಗೂ ಅಂಟಿಕೊಳ್ಳುತ್ತದೆ. ಆದರೆ ಅದರಿಂದ ಇನ್ನೊಬ್ಬನ ನೆಲದ ಮೇಲಿನ ಹೊರೆ ಗಣನೀಯವಾಗಿ ಹೆಚ್ಚಬಾರದು. ಇದಕ್ಕೆ ಕೊಟ್ಟ ಉದಾಹರಣೆ ಒಂದು ಪುಟ್ಟ ಕಥೆಯಂತಿದೆ. ದಿನಕ್ಕೆ ಐವತ್ತು ಬಕೆಟ್ ನೀರು ಸೇದುವ ಹಕ್ಕುಳ್ಳ ಮನೆಯೊಂದು ಎರಡಾಗಿ ಇಬ್ಬರಿಗೆ ಹೋಗುತ್ತದೆ. ಆಗ ಇಬ್ಬರಿಗೂ ಐವತ್ತು ಬಕೆಟ್ ಸೇದುವ ಹಕ್ಕುಂಟು. ಆದರೆ ಇಬ್ಬರೂ ಸೇರಿ ಸೇದಿದ್ದು ಐವತ್ತನ್ನು ಮೀರಬಾರದು.

ಕಾಯಿದೆಯು ಒಟ್ಟು ಮೊತ್ತವನ್ನು ಕಾಯುತ್ತದೆ, ಒಳಗಿನ ಹಂಚಿಕೆಯನ್ನು ಆ ಇಬ್ಬರಿಗೇ ಬಿಡುತ್ತದೆ. ಇಪ್ಪತ್ತೈದು ಇಪ್ಪತ್ತೈದು ಎಂದು ಅದು ಹೇಳಲಿಲ್ಲ. ಒಬ್ಬನ ಮನೆಯಲ್ಲಿ ಇಬ್ಬರು, ಇನ್ನೊಬ್ಬನಲ್ಲಿ ಎಂಟು ಜನ ಇರಬಹುದು; ಒಬ್ಬನು ಇಂದು ಊರಿನಲ್ಲಿ ಇಲ್ಲದಿರಬಹುದು. ಸೌಹಾರ್ದವಿದ್ದಲ್ಲಿ ಇದು ವಿವೇಕದ ನಿಯಮ. ಸೌಹಾರ್ದವಿಲ್ಲದಲ್ಲಿ, ಬೆಳಗ್ಗೆ ಬೇಗ ಎದ್ದವನ ನಿಯಮ.

ಕಪಿಲೆ ಬಾವಿಗಳ ಕಾಲದಲ್ಲಿ ಈ ಸೌಹಾರ್ದಕ್ಕೆ ಎತ್ತುಗಳೇ ಜಾಮೀನು. ಮರಾಠಿಗರು ಮೋಟ್ ಎಂದು ಕರೆಯುವ ಆ ತೊಗಲ ಚೀಲವನ್ನು ಎಳೆಯಲು ಜೋಡಿ ಎತ್ತು, ಒಬ್ಬ ಆಳು, ಇಡೀ ಹಗಲು ಬೇಕು. ಎಷ್ಟು ಕಪಿಲೆ ಹೂಡಬಹುದು ಎಂಬುದರಿಂದಲೇ ಬಾವಿಯ ಯೋಗ್ಯತೆಯನ್ನು ಅಳೆಯುತ್ತಿದ್ದರು. ಒಬ್ಬನು ತನ್ನ ಪಾಳಿಯಲ್ಲಿ ಎಷ್ಟೇ ಆಸೆಪಟ್ಟರೂ ಎತ್ತುಗಳ ಬಲಕ್ಕಿಂತ ಹೆಚ್ಚು ನೀರನ್ನು ತೆಗೆಯಲಾರ; ರಾತ್ರಿ ಒರತೆ ಮತ್ತೆ ಬಾವಿಯನ್ನು ತುಂಬುತ್ತಿತ್ತು. ಮಹಾರಾಷ್ಟ್ರದ ‘ಸಾತ್‌ಬಾರಾ’ ಉತಾರದಲ್ಲಿ ಇತರ ಹಕ್ಕುಗಳ ಅಂಕಣದಲ್ಲಿ ಬಾವಿಯ ಪಾಲನ್ನು ಬರೆಯುವ ರೂಢಿ ಇಂದಿಗೂ ಇದೆ. ಅಲ್ಲಿ ಕಾಣುವ ಕಾಲುಭಾಗ, ಅರೆಕಾಲುಭಾಗಗಳು ನಿಜವಾಗಿ ನೀರಿನ ಅಳತೆಗಳಲ್ಲ, ದಿನಗಳ ಅಳತೆಗಳು.

ಫಡ್: ಬೆಳೆಯನ್ನೇ ಹಂಚಿಕೊಂಡವರು

ಬಾವಿಯು ಒಂದು ಕುಟುಂಬದ ಕಥೆ. ನದಿಯ ಒಡ್ಡು ಊರಿನ ಕಥೆ. ಖಾನದೇಶದ ಧುಳೆ ಮತ್ತು ನಾಸಿಕ ಜಿಲ್ಲೆಗಳಲ್ಲಿ, ಪಾಂಝರಾ, ಮೋಸಮ್ ಮುಂತಾದ ಹೊಳೆಗಳ ದಂಡೆಯಲ್ಲಿ ಫಡ್ ಎಂಬ ಪದ್ಧತಿ ಶತಮಾನಗಳ ಕಾಲ ನಡೆದುಬಂದಿದೆ. ಹೊಳೆಗೆ ಅಡ್ಡಲಾಗಿ ಕಟ್ಟಿದ ಬಂಧಾರ, ಅದರಿಂದ ಹೊರಡುವ ಕಾಲುವೆ, ಅದರ ಕೆಳಗಿನ ಭೂಮಿಯು ಸಾಮಾನ್ಯವಾಗಿ ನಾಲ್ಕು ಫಡ್‌ಗಳಾಗಿ ವಿಭಾಗ. ಒಂದು ಫಡ್‌ನಲ್ಲಿ ಆ ವರ್ಷ ಒಂದೇ ಬಗೆಯ ಬೆಳೆ. ಒಂದರಲ್ಲಿ ಕಬ್ಬು ನಿಂತಿದ್ದರೆ ಮತ್ತೊಂದರಲ್ಲಿ ಹಂಗಾಮಿನ ಬೆಳೆ, ಇನ್ನೊಂದು ಬೀಳು; ಮುಂದಿನ ವರ್ಷ ಸರದಿ ಬದಲಾಗುತ್ತದೆ.

ರೈತನೊಬ್ಬನ ಜಮೀನು ಒಂದೇ ಕಡೆ ಇರದೆ ಬೇರೆ ಬೇರೆ ಫಡ್‌ಗಳಲ್ಲಿ ಪಟ್ಟೆಗಳಾಗಿ ಹರಡಿರುತ್ತದೆ. ಹಾಗಾಗಿ ಕಬ್ಬಿನ ಲಾಭವೂ ಬೀಳಿನ ನಷ್ಟವೂ ಎಲ್ಲರಿಗೂ ಹಂಚಿಹೋಗುತ್ತವೆ. ನೀರು ಬಿಡುವುದು ರೈತನ ಕೆಲಸವಲ್ಲ. ಅದಕ್ಕೆ ಊರೇ ನೇಮಿಸಿದ ಪಾಟಕರಿ, ಕಾವಲಿಗೆ ಜಾಗಲ್ಯಾ ಇದ್ದಾರೆ. ಅವರ ಕೂಲಿ ಬೆಳೆಯಿಂದ. ಹಳೆಯ ಮೈಸೂರಿನ ಕೆರೆ ಬಯಲುಗಳಲ್ಲಿ ನೀರುಗಂಟಿಗಳು ಮಾಡುತ್ತಿದ್ದುದೂ ಇದೇ ಕೆಲಸ. ತೂಬು ಎತ್ತುವ ಕೈ ಹೊಲದ ಒಡೆಯನದಾಗಿರಬಾರದು ಎಂಬ ತಿಳಿವು ಎರಡೂ ಕಡೆ ಇತ್ತು. ಆ ಕೈ ಬಹುತೇಕ ಭೂಮಿಯಿಲ್ಲದವನ ಕೈಯಾಗಿತ್ತು ಎಂಬುದನ್ನೂ ಮರೆಯಲಾಗದು. ಎಲ್ಲರ ನೀರನ್ನು ಅಳೆದುಕೊಟ್ಟವನ ಹೆಸರಿನಲ್ಲಿ ನೀರಿನ ಪಾಲು ಬರೆದಿರಲಿಲ್ಲ.

ಫಡ್‌ನಲ್ಲಿ ಪಾಲುದಾರರು ಸ್ವಾತಂತ್ರ್ಯದ ಒಂದು ತುಂಡನ್ನು ಬಿಟ್ಟುಕೊಟ್ಟರು: ತನ್ನ ಹೊಲದಲ್ಲಿ ತನಗೆ ಬೇಕಾದುದನ್ನು ಬಿತ್ತುವ ಸ್ವಾತಂತ್ರ್ಯ. ಅದಕ್ಕೆ ಪ್ರತಿಯಾಗಿ ತಂಟೆ ಕಡಿಮೆಯಾಯಿತು. ಪಕ್ಕದವನ ಬೆಳೆಯೂ ನನ್ನ ಬೆಳೆಯೂ ಒಂದೇ ಆಗಿದ್ದರೆ ಅವನ ಬಾಯಾರಿಕೆಯೂ ನನ್ನ ಬಾಯಾರಿಕೆಯೂ ಒಂದೇ ದಿನ ಬರುತ್ತವೆ.

ಪುಣೆಯ ಕನ್ನಡಿಗ ಎಂಜಿನಿಯರ್

1884ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನಿಂದ ಹೊರಬಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅವರ ಆರಂಭದ ಕೆಲಸಗಳಲ್ಲಿ ಒಂದು, ಇದೇ ಖಾನದೇಶದಲ್ಲಿ ಪಾಂಝರಾ ನದಿಯ ನೀರಾವರಿಗೆ ಸಂಬಂಧಿಸಿದ ಕೊಳವೆ ಸೈಫನ್ ನಿರ್ಮಾಣ. ಫಡ್‌ಗಳ ಸೀಮೆಯಲ್ಲಿ ಓಡಾಡಿದ ತರುಣ ಎಂಜಿನಿಯರ್ ಮುಂದೆ ರೂಪಿಸಿದ ಪದ್ಧತಿಯಲ್ಲಿ ಅದರ ಛಾಯೆಯನ್ನು ಕಾಣಬೇಕೆನಿಸುತ್ತದೆ. ಅದನ್ನು ಸಾದೃಶ್ಯವೆಂದಷ್ಟೇ ಹೇಳುತ್ತೇನೆ, ಋಣವೆಂದು ಹೇಳುವುದಿಲ್ಲ.

ಆ ಹೊತ್ತಿಗೆ ದಖ್ಖಣದ ಕಾಲುವೆಗಳು ಸರ್ಕಾರಕ್ಕೆ ತಲೆನೋವಾಗಿದ್ದವು. 1876–78ರ ಕ್ಷಾಮದ ನೆನಪಿನಲ್ಲಿ, 1880ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆ ಹರಿಯಿತು. ಅದಕ್ಕೆ ಭಾಟಘರ್‌ನಲ್ಲಿ ಜಲಾಶಯ ಬಂತು. ಮಳೆ ಬಂದರೆ ಜೋಳದ ರೈತನಿಗೆ ಕಾಲುವೆ ಬೇಡ. ಮಳೆ ಹೋದ ವರ್ಷ ಎಲ್ಲರಿಗೂ ಬೇಕು. ವರ್ಷವಿಡೀ ನೀರು ಕೊಂಡು ಕರ ಕಟ್ಟುತ್ತಿದ್ದುದು ಕಬ್ಬು. 1879ರ ಮುಂಬಯಿ ನೀರಾವರಿ ಕಾಯಿದೆಯ ಪ್ರಕಾರ ನೀರು ಬೇಕಾದವನು ಅರ್ಜಿ ಹಾಕಬೇಕು, ಕಾಲುವೆಯ ಅಧಿಕಾರಿ ಮಂಜೂರು ಮಾಡಬೇಕು. ಅರ್ಜಿ ಒಬ್ಬೊಬ್ಬನದಾಗಿತ್ತು, ಕಾಲುವೆ ಎಲ್ಲರದು. ಅಲ್ಲೊಂದು ಇಲ್ಲೊಂದು ಕಬ್ಬಿನ ಹೊಲ, ಅವುಗಳಿಗಾಗಿ ಮೈಲಿಗಟ್ಟಲೆ ಹರಿದು ದಾರಿಯಲ್ಲೇ ಇಂಗುವ ನೀರು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಯಿಸಿ ಜವುಳಾದ ಭೂಮಿ: ಬಿಡಿಬಿಡಿ ಪರವಾನಗಿಗಳ ಫಲ ಇದು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ವಿಶ್ವೇಶ್ವರಯ್ಯನವರು ನೀರಾ ಕಾಲುವೆಯಲ್ಲಿ ಜಾರಿಗೆ ತಂದ ‘ಬ್ಲಾಕ್ ಪದ್ಧತಿ’ಯು ಪರವಾನಗಿಯ ಸ್ವರೂಪವನ್ನೇ ಬದಲಿಸಿತು. ಹಂಗಾಮಿಗೊಮ್ಮೆ ಅರ್ಜಿಯ ಬದಲು ಹಲವು ವರ್ಷಗಳ ಖಚಿತ ಮಂಜೂರಾತಿ. ಊರೂರಿಗೆ ಮಿತಿಯಾದ, ಒತ್ತಾಗಿ ಗುರುತಿಸಿದ ಕ್ಷೇತ್ರ. ಅದರಲ್ಲಿ ಸುಮಾರು ಮೂರರಲ್ಲೊಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದುದಕ್ಕೆ ಕಡಿಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಬೆಳೆಯ ಸರದಿ. ತಲೆಯ ಕಡೆಯ ಕೆಲವು ಊರುಗಳು ಕುಡಿದುಬಿಡುತ್ತಿದ್ದ ನೀರನ್ನು ಹೆಚ್ಚು ಊರುಗಳಿಗೆ ಹಂಚುವುದು ಅವರ ಉದ್ದೇಶವಾಗಿತ್ತು. ತಮಗೆ ಬೇಕಾದ ಹೊಲಕ್ಕೆ ಬೇಕಾದಾಗ ನೀರು ಪಡೆದು ರೂಢಿಯಾದವರು ಮೊದಲಿಗೆ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಮುಂದೆ ಮೈಸೂರು ಸಂಸ್ಥಾನದ ಇರ್ವಿನ್ ನಾಲೆಯ ಬಯಲಿನಲ್ಲಿಯೂ, ಅಂದರೆ ಇಂದು ಅವರದೇ ಹೆಸರು ಹೊತ್ತ ಮಂಡ್ಯದ ನಾಲೆಯಲ್ಲಿಯೂ, ಇಂಥದೇ ಬ್ಲಾಕುಗಳ ಮತ್ತು ಬೆಳೆ ಸರದಿಯ ಯೋಜನೆ ಕಾಣಿಸಿಕೊಂಡಿತು. ಭತ್ತ ಮತ್ತು ಕಬ್ಬಿನ ಆಕರ್ಷಣೆಯ ಮುಂದೆ ಆ ಶಿಸ್ತು ಎಷ್ಟು ಉಳಿಯಿತೆಂಬುದನ್ನು ಮಂಡ್ಯದ ಗದ್ದೆಗಳೇ ಹೇಳುತ್ತವೆ.

ಫಡ್‌ಗೂ ಬ್ಲಾಕಿಗೂ ಇರುವ ಹೋಲಿಕೆ ಗಮನಾರ್ಹ. ಎರಡೂ ಬೆಳೆಯನ್ನು ಗುಂಪುಗೂಡಿಸಿ ನೀರನ್ನು ಉಳಿಸಿದವು. ವ್ಯತ್ಯಾಸ ಯಜಮಾನಿಕೆಯಲ್ಲಿ. ಫಡ್‌ನ ನಿರ್ಣಯ ಊರಿನ ಚಾವಡಿಯಲ್ಲಿ ಆಗುತ್ತಿತ್ತು, ಬ್ಲಾಕಿನದು ಇಲಾಖೆಯ ಕಡತದಲ್ಲಿ.

ಮಹಾರಾಷ್ಟ್ರದ ಕಾಲುವೆಗಳಲ್ಲಿ ಇದರ ಜೊತೆಗೆ ಬೆಳೆದ ಇನ್ನೊಂದು ರೂಢಿ ‘ಶೇಜಪಾಳಿ’. ಶೇಜಾರಿ ಎಂದರೆ ನೆರೆಯವನು. ಶೇಜಪಾಳಿ ಎಂದರೆ ನೆರೆಯವನಿಂದ ನೆರೆಯವನಿಗೆ ದಾಟುವ ಸರದಿ. ಏಳನೆಯ ನಂಬರಿನ ನಮೂನೆಯಲ್ಲಿ ಅರ್ಜಿ, ಅದಕ್ಕೆ ಪಾಸು, ಆಮೇಲೆ ಕೊನೆಯ ಹೊಲದಿಂದ ತಲೆಯ ಕಡೆಗೆ ಒಬ್ಬರಾದ ಮೇಲೆ ಒಬ್ಬರು. ಕಾಗದದಲ್ಲಿ ಪರವಾನಗಿ ವ್ಯಕ್ತಿಯದೇ ಆಗಿದ್ದರೂ ಅದರ ಕಾಲವನ್ನು ನಿಶ್ಚಯಿಸುವವನು ನೆರೆಯವನು.

ನೂರ ಅರವತ್ತೆಂಟು ಗಂಟೆಗಳು

ಉತ್ತರದ ಬಯಲುಗಳಲ್ಲಿ, ದೆಹಲಿಯಿಂದ ಆಚೆಗೆ ಪಂಜಾಬ್ ಹರಿಯಾಣಗಳಲ್ಲಿ, ಕಲ್ಯಾಣದ ಸರದಿಯ ಸೂತ್ರವು ಗಡಿಯಾರದ ಕಟ್ಟುನಿಟ್ಟನ್ನು ಪಡೆಯಿತು. ಅದರ ಹೆಸರು ವಾರಾಬಂದಿ. ಕಾಲುವೆಯಿಂದ ಬಾಗಿಲಿಲ್ಲದ ಒಂದು ತೂತು, ಅದರಿಂದ ಹೊರಡುವ ಹಳ್ಳಿಯ ಕಾಲುವೆ, ಅದರ ಕೆಳಗಿನ ಎಲ್ಲ ಹಿಡುವಳಿಗಳಿಗೂ ವಾರದ 168 ಗಂಟೆಗಳನ್ನು ಜಮೀನಿನ ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿಕೆ. ತನ್ನ ಸರದಿಯಲ್ಲಿ ಇಡೀ ನೀರು ಒಬ್ಬನದು. ಸರದಿ ರಾತ್ರಿ ಎರಡು ಗಂಟೆಗೆ ಬಂದರೆ ರಾತ್ರಿ ಎರಡಕ್ಕೆ ಎದ್ದು ಹೋಗಬೇಕು.

ಜಂಟಿ ಪರವಾನಗಿಯ ಒಳಗುಟ್ಟುಗಳನ್ನು 1873ರ ಉತ್ತರ ಭಾರತ ಕಾಲುವೆ ಕಾಯಿದೆಯು ಚೆನ್ನಾಗಿ ತಿಳಿದಿತ್ತು. ಭೂಮಿ ಕೈಬದಲಾದರೆ ಅದರ ನೀರಿನ ಒಪ್ಪಂದವೂ ಜೊತೆಗೇ ಹೋಯಿತೆಂದು ಅದು ಭಾವಿಸಿತು; ಆದರೆ ನೀರಿನ ಹಕ್ಕನ್ನು ಮಾತ್ರ ಬೇರ್ಪಡಿಸಿ ಅನುಮತಿಯಿಲ್ಲದೆ ಮಾರುವುದನ್ನು ತಡೆಯಿತು. ಪಾಲುದಾರರಲ್ಲಿ ಜಗಳವಾದರೆ 68ನೆಯ ಕಲಮಿನ ಪ್ರಕಾರ ಕಾಲುವೆ ಅಧಿಕಾರಿ ವಿಚಾರಿಸಿ ಸರದಿಯನ್ನು ಗೊತ್ತುಮಾಡಬಹುದು. ತಾವೇ ಒಪ್ಪಿಕೊಂಡ ಸರದಿ ಕಚ್ಚಾ ವಾರಾಬಂದಿ, ಅಧಿಕಾರಿ ಬರೆದದ್ದು ಪಕ್ಕಾ ವಾರಾಬಂದಿ. ಕಳ್ಳತನದಿಂದ ನೀರು ಹಾಯಿಸಿದವನು ಯಾರೆಂದು ತಿಳಿಯದೆ, ನೀರು ಹರಿದ ಹೊಲವೂ ಅದರ ಲಾಭ ಪಡೆಯದಿದ್ದರೆ, ಆ ಹಳ್ಳಿಗಾಲುವೆಯ ಎಲ್ಲ ಪಾಲುದಾರರೂ ಒಟ್ಟಾಗಿ ಹೊಣೆ. ಹಕ್ಕು ಬೇರೆಯಾದರೂ ಹೊಣೆ ಜಂಟಿಯಾಗಿ ಉಳಿಯಿತು.

ಇನ್ನು ಪಾಲಿನ ಗಣಿತವನ್ನು ನೋಡೋಣ. ಒಂದು ತೂತಿನ ಕೆಳಗೆ 336 ಎಕರೆ ಇದೆಯೆಂದು ಊಹಿಸಿದರೆ ಎಕರೆಗೆ ಅರ್ಧ ಗಂಟೆ ಬೀಳುತ್ತದೆ. ಎಂಟು ಎಕರೆಯ ತಂದೆಗೆ ವಾರಕ್ಕೆ ನಾಲ್ಕು ಗಂಟೆ. ನಾಲ್ಕು ಮಕ್ಕಳಿಗೆ ತಲಾ ಒಂದು ಗಂಟೆ. ಅವರಿಗೂ ನಾಲ್ಕು ನಾಲ್ಕು ಮಕ್ಕಳಾದರೆ ಮೊಮ್ಮಗನಿಗೆ ಹದಿನೈದು ನಿಮಿಷ. ಲೆಕ್ಕ ತಪ್ಪಿಲ್ಲ, ಕೂಡಿಸಿದರೆ ಮತ್ತೆ ನಾಲ್ಕು ಗಂಟೆಯೇ. ಆದರೆ ನೀರು ಗಣಿತದಂತೆ ಹರಿಯುವುದಿಲ್ಲ. ಒಣಗಿದ ಕಾಲುವೆಯನ್ನು ತೋಯಿಸಿಕೊಂಡು ಮುಂದೆ ಸಾಗಲು ಸಮಯ ಬೇಕು. ವಾರಾಬಂದಿಯು ಮುಖ್ಯ ಹಳ್ಳಿಗಾಲುವೆ ತುಂಬುವ ಹೊತ್ತಿಗೆ ‘ಭರಾಈ’ ಎಂಬ ರಿಯಾಯಿತಿಯನ್ನು ಕೊಟ್ಟಿತು. ಆದರೆ ಮನೆಯೊಳಗಿನ ಪಾಲಿನಿಂದ ಹುಟ್ಟಿದ ಹೊಸ ಬದುಗಳ ನಡುವೆ, ಹೊಸದಾಗಿ ತೋಡಿದ ಸಣ್ಣ ಕಾಲುವೆಗಳಲ್ಲಿ ಇಂಗುವ ನಿಮಿಷಗಳಿಗೆ ಲೆಕ್ಕವಿಲ್ಲ. ನಾಲ್ಕು ಗಂಟೆಯ ನೀರು ಒಂದಾಗಿ ಹರಿದಾಗ ತಲುಪುವ ದೂರವನ್ನು ಹದಿನೈದು ನಿಮಿಷದ ಹದಿನಾರು ತುಣುಕುಗಳು ತಲುಪುವುದಿಲ್ಲ. ಭೂಮಿ ಪಾಲಾದಾಗ ಚಿಕ್ಕದಾಗುತ್ತದೆ; ನೀರು ಪಾಲಾದಾಗ ಒಂದಿಷ್ಟು ಇಲ್ಲವಾಗುತ್ತದೆ. ಅದಕ್ಕೇ ಬಹಳ ಕಡೆ ಅಣ್ಣತಮ್ಮಂದಿರು ಹೊಲವನ್ನು ಬೇರೆ ಮಾಡಿಕೊಂಡರೂ ಪಾಳಿಯನ್ನು ಒಟ್ಟಾಗಿಯೇ ಇಟ್ಟುಕೊಂಡು ಒಂದು ವಾರ ಇವನು, ಒಂದು ವಾರ ಅವನು ಎಂದು ಬಳಸುವ ಜಾಣತನ ತೋರುತ್ತಾರೆ.

ತಲೆ ಎಣಿಸಿದ ಪಂಚಾಯ್ತಿ

ಇಷ್ಟೂ ವ್ಯವಸ್ಥೆಗಳು ಒಂದು ಮಾತನ್ನು ಚರ್ಚೆಯಿಲ್ಲದೆ ಒಪ್ಪಿದ್ದವು: ನೀರು ಭೂಮಿಯ ಹಿಂದೆ ಹೋಗುತ್ತದೆ. ಹೆಚ್ಚು ಭೂಮಿಗೆ ಹೆಚ್ಚು ನೀರು, ಭೂಮಿ ಇಲ್ಲದವನಿಗೆ ನೀರೂ ಇಲ್ಲ. ಈ ಗಂಟನ್ನು ಬಿಚ್ಚಿದ್ದು ಪುಣೆಯ ಆಗ್ನೇಯಕ್ಕಿರುವ ಪುರಂದರ ತಾಲ್ಲೂಕು. 1972ರ ಭೀಕರ ಬರಗಾಲದಲ್ಲಿ ಆ ಸೀಮೆಯನ್ನು ನೋಡಿದ ಪುಣೆಯ ಎಂಜಿನಿಯರ್ ಮತ್ತು ಉದ್ಯಮಿ ವಿಲಾಸರಾವ್ ಸಾಳುಂಖೆಯವರು ನಾಯಗಾಂವ್‌ನಲ್ಲಿ ದೇವಸ್ಥಾನದ ನಲವತ್ತು ಎಕರೆ ಇಳಿಜಾರು ಭೂಮಿಯನ್ನು ಗುತ್ತಿಗೆಗೆ ಪಡೆದು ಮಳೆನೀರನ್ನು ತಡೆದು ಬೆಳೆ ತೆಗೆದು ತೋರಿಸಿದರು. 1974ರಲ್ಲಿ ಗ್ರಾಮ ಗೌರವ ಪ್ರತಿಷ್ಠಾನ ಸ್ಥಾಪನೆಯಾಯಿತು. ಅಲ್ಲಿಂದ ಬೆಳೆದದ್ದು ‘ಪಾಣಿ ಪಂಚಾಯತ್’.

ಅದರ ನಿಯಮಗಳು ಸರಳ, ಪರಿಣಾಮ ಆಳ. ನೀರಿನ ಯೋಜನೆ ಗುಂಪಿಗೆ ಮಾತ್ರ, ಒಬ್ಬನಿಗಲ್ಲ. ಪಾಲನ್ನು ಭೂಮಿಯಿಂದ ಅಳೆಯದೆ ಕುಟುಂಬದ ತಲೆಗಳಿಂದ ಅಳೆಯಬೇಕು: ತಲೆಗೆ ಅರ್ಧ ಎಕರೆಗೆ ಸಾಕಾಗುವಷ್ಟು ನೀರು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಭೂಮಿ ಇಲ್ಲದವರಿಗೂ ಪಾಲುಂಟು. ಅವರು ಇನ್ನೊಬ್ಬರ ಭೂಮಿಯನ್ನು ಮಾಡಿ ಆ ನೀರನ್ನು ಬಳಸಬಹುದು. ಭೂಮಿಯನ್ನು ಮಾರಿದರೆ ನೀರು ಕೊಂಡವನ ಹಿಂದೆ ಹೋಗುವುದಿಲ್ಲ, ಗುಂಪಿಗೆ ಮರಳುತ್ತದೆ. ಕಬ್ಬು ಬೆಳೆಯುವಂತಿಲ್ಲ. ವೆಚ್ಚದ ಐದರಲ್ಲೊಂದು ಭಾಗವನ್ನು ಸದಸ್ಯರೇ ಹೊರಬೇಕು.

ಪಾಲಿನ ಸಮಸ್ಯೆಗೆ ಇದು ಒಂದು ವಿಶಿಷ್ಟ ಪರಿಹಾರ. ಅಣ್ಣತಮ್ಮಂದಿರು ಹೊಲವನ್ನು ಹೇಗೇ ಹಂಚಿಕೊಳ್ಳಲಿ, ನೀರು ತಲೆಗಳನ್ನು ಅನುಸರಿಸುವುದರಿಂದ ತುಂಡಾಗುವ ಭಯ ಕಡಿಮೆ. ಪಂಪಿನ ವಿದ್ಯುತ್ ವೆಚ್ಚ, ಒಳಜಗಳ, ಹತ್ತಿರ ಬಂದ ದೊಡ್ಡ ಕಾಲುವೆಗಳ ಮತ್ತು ಕಬ್ಬಿನ ಆಸೆ ಮುಂತಾದ ಕಾರಣಗಳಿಂದ ಎಲ್ಲ ಯೋಜನೆಗಳೂ ಉಳಿಯಲಿಲ್ಲ. ಆದರೂ ಹಕ್ಕುದಾರ ಯಾರು ಎಂಬ ಪ್ರಶ್ನೆಯನ್ನು, ಎಷ್ಟು ಹಕ್ಕು ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕೆಂದು ಅದು ಕಲಿಸಿತು.

2005ರಲ್ಲಿ ಮಹಾರಾಷ್ಟ್ರವು ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ ಕಾಯಿದೆಯನ್ನೂ, ರೈತರೇ ನೀರಾವರಿಯನ್ನು ನಿರ್ವಹಿಸುವ ಕಾಯಿದೆಯನ್ನೂ ಮಾಡಿತು. ಇಲ್ಲಿ ನೀರಿನ ಹಕ್ಕು ಒಡೆತನವಲ್ಲ, ಅನುಭೋಗ ಮಾತ್ರ. ಅಳೆದ ನೀರನ್ನು ಒಟ್ಟಾಗಿ ಬಳಕೆದಾರರ ಸಂಘಕ್ಕೆ ಕೊಟ್ಟು ಒಳಹಂಚಿಕೆಯನ್ನು ಸಂಘಕ್ಕೆ ಬಿಡುವುದು ಅದರ ಕ್ರಮ. ಹಳೆಯ ಐವತ್ತು ಬಕೆಟ್ಟಿನ ತರ್ಕವೇ ಊರಿನ ಪ್ರಮಾಣಕ್ಕೆ ಬೆಳೆದಂತೆ. ಕೊರತೆಯ ಕಾಲದಲ್ಲಿ ಪ್ರತಿಯೊಬ್ಬ ಹಿಡುವಳಿದಾರನಿಗೂ ಸಾಧ್ಯವಾದಮಟ್ಟಿಗೆ ಕನಿಷ್ಠ ಒಂದು ಎಕರೆಗೆ ಸಾಲುವಷ್ಟು ನೀರು ಸಿಗಬೇಕೆಂಬ ಮಾತೂ ಅದರಲ್ಲಿ ಸೇರಿತು. ದೊಡ್ಡ ಹಿಡುವಳಿಗೂ ಚಿಕ್ಕ ಹಿಡುವಳಿಗೂ ಒಂದೇ ನೆಲಗಟ್ಟು: ಪುರಂದರದ ಪಾಠ ಪೂರ್ತಿಯಾಗಿ ಅಲ್ಲದಿದ್ದರೂ ಸ್ವಲ್ಪ ದಾಟಿಬಂದಿತೆನ್ನಬೇಕು.

ಊರಲ್ಲಿಲ್ಲದವನ ಪಾಳಿ

ಇತ್ತ ಬಾವಿಯ ಕಥೆ ಬೇರೆ ದಾರಿ ಹಿಡಿಯಿತು. ಎತ್ತುಗಳು ಹೋಗಿ ವಿದ್ಯುತ್ ಪಂಪು ಬಂದಾಗ ಬಾವಿಯ ಹಲವು ಪಾಲುದಾರರ ನಡುವೆ ಒಂದು ಮೀಟರು, ಒಂದು ಹೆಸರು ಉಳಿಯಿತು. ಹಗಲಿಡೀ ತೆಗೆಯುತ್ತಿದ್ದ ನೀರನ್ನು ಯಂತ್ರ ಕೆಲವೇ ಗಂಟೆಗಳಲ್ಲಿ ಎತ್ತಿತು. ಮೊದಲ ಪಾಳಿಯವನು ಮುಗಿಸಿದಾಗ ಎರಡನೆಯವನಿಗೆ ಕೆಸರು. ಆಗ ಪ್ರತಿಯೊಬ್ಬನೂ ತನ್ನ ಪಾಲಿನ ನೆಲದಲ್ಲಿ ಕೊಳವೆಬಾವಿ ಕೊರೆದ. ತನ್ನ ನೆಲದ ಅಡಿಯಲ್ಲಿ ಗೊತ್ತಾದ ದಾರಿಯಿಲ್ಲದೆ ಹರಿಯುವ ನೀರನ್ನು ನೆಲದೊಡೆಯನು ತೆಗೆದುಕೊಳ್ಳಬಹುದೆಂದು ಅದೇ 1882ರ ಕಾಯಿದೆ ಹೇಳುತ್ತದೆ. ಹೀಗೆ ಬಾವಿ ಪಾಲಾಯಿತು, ಕೆಳಗಿನ ಒರತೆ ಮಾತ್ರ ಅವಿಭಕ್ತವಾಗಿಯೇ ಉಳಿಯಿತು. ಮೇಲೆ ನಾಲ್ಕು ಪಂಪು, ಕೆಳಗೆ ಒಂದೇ ನೀರು. ಪಾಳಿಯನ್ನು ಬಿಟ್ಟುಕೊಟ್ಟು ಪಾಲನ್ನು ಪಡೆದವರು ಆಳವನ್ನು ಪೈಪೋಟಿಗೆ ಇಟ್ಟರು. ಕೋಲಾರದಿಂದ ಮರಾಠವಾಡದವರೆಗೆ ಇದರ ಗುರುತುಗಳು ಬತ್ತಿದ ಕೊಳವೆಗಳಾಗಿ ನಿಂತಿವೆ.

ನಾಡಿನ ಹೊರಗಿರುವ ನಮ್ಮಂಥವರಿಗೆ ಈ ಚರಿತ್ರೆಯಲ್ಲಿ ಇನ್ನೊಂದು ಮಾತಿದೆ. ಊರಿನ ಪಾಲುಪಟ್ಟಿಯಲ್ಲಿ ನಮ್ಮಲ್ಲಿ ಹಲವರ ಹೆಸರು ಇರುತ್ತದೆ. ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ 1994ರ ತಿದ್ದುಪಡಿಗಳು, ಆಮೇಲೆ ಇಡೀ ದೇಶಕ್ಕೆ 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಪಿತ್ರಾರ್ಜಿತದ ಸಮಾನ ಪಾಲುದಾರರನ್ನಾಗಿಸಿದ ಮೇಲೆ ಆ ಪಟ್ಟಿ ಉದ್ದವಾಗಿದೆ, ನ್ಯಾಯಯುತವೂ ಆಗಿದೆ. ವಿಜ್ಞಾನೇಶ್ವರನ ಪಾಲುದಾರರು ಗಂಡುಮಕ್ಕಳಾಗಿದ್ದರು ಎಂಬುದನ್ನು ನೆನೆದರೆ ಈ ಬದಲಾವಣೆಯ ತೂಕ ತಿಳಿಯುತ್ತದೆ. ಆದರೆ ಭೂಮಿಯ ಪಾಲು ದೂರದಲ್ಲಿದ್ದವನಿಗಾಗಿ ಕಾಯುತ್ತದೆ. ಹತ್ತು ವರ್ಷ ಬಿಟ್ಟು ಬಂದರೂ ಬದು ಅಲ್ಲೇ ಇರುತ್ತದೆ. ನೀರಿನ ಪಾಳಿ ಕಾಯುವುದಿಲ್ಲ. ಮಂಗಳವಾರದ ಪಾಳಿಯನ್ನು ಬಳಸದಿದ್ದರೆ ಬುಧವಾರಕ್ಕೆ ಅದು ಉಳಿದಿರುವುದಿಲ್ಲ. ನೀರಿನ ಹಕ್ಕು ಎಂಬುದು ಹಾಜರಾತಿಯ ಹಕ್ಕು.

ಹಾಗಾದರೆ ಊರಲ್ಲಿಲ್ಲದವನ ಪಾಳಿ ಯಾರದು? ಕಾಗದದ ಪ್ರಕಾರ ಅವನದೇ. ಬೆಳೆಯ ಪ್ರಕಾರ, ಅಲ್ಲಿ ಉಳಿದು ರಾತ್ರಿ ಎದ್ದು ನೀರು ಕಟ್ಟುವವನದು. ಪುರಂದರದ ಪಂಚಾಯ್ತಿಯವರು ಮಾರಿದ ಹೊಲದ ನೀರು ಗುಂಪಿಗೆ ಮರಳಬೇಕೆಂದು ಹೇಳಿದ್ದರ ಹಿಂದೆ ಈ ಅರಿವೇ ಇದ್ದಿರಬೇಕು. ದೂರದಲ್ಲಿದ್ದುಕೊಂಡು ಪಾಲನ್ನು ಕೇಳುವವರು ಹೊಲದ ಪಾಲನ್ನು ಧಾರಾಳವಾಗಿ ಕೇಳಲಿ. ಅದು ಅವರ ನ್ಯಾಯವಾದ ಹಕ್ಕು, ಬಹಳ ಹೆಣ್ಣುಮಕ್ಕಳಿಗೆ ಇನ್ನೂ ಕೈಗೆ ಬಾರದ ಹಕ್ಕು. ಆದರೆ ಬಾವಿಯ ನಾಲ್ಕನೆಯ ಒಂದು ಭಾಗವನ್ನು ಬೇರ್ಪಡಿಸಿ ಬೆಲೆ ಕಟ್ಟಿಸಿಕೊಂಡು ಹೊರಗಿನವನಿಗೆ ಮಾರುವ ಮುನ್ನ, ಉಳಿದ ಮೂವರ ಹೊಲಕ್ಕೆ ಏನಾಗುತ್ತದೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು. ಬೆಲೆ ಕಟ್ಟಿ ಹಂಚಬೇಡಿ, ಸರದಿಯಲ್ಲಿ ಅನುಭವಿಸಿ ಎಂದು ಕಲ್ಯಾಣದಲ್ಲಿ ಬರೆದವನು ಬಹುಶಃ ಹೊಲದ ಬದಿಯ ಜಗಳವನ್ನು ಕಣ್ಣಾರೆ ಕಂಡಿದ್ದವನೇ ಇರಬೇಕು. ನೀರನ್ನು ಪಡೆದವರ ಸಂಖ್ಯೆ ಹೆಚ್ಚಿದಷ್ಟೂ ಅವರು ಒಬ್ಬರನ್ನೊಬ್ಬರು ಹೆಚ್ಚು ಮಾತನಾಡಿಸಬೇಕಾಗುತ್ತದೆ. ಆ ಮಾತು ನಿಂತ ಊರುಗಳಲ್ಲಿ ಮೊದಲು ಬತ್ತಿದ್ದು ಪಾಳಿ, ಆಮೇಲೆ ಬಾವಿ.